ತಿರುಪಿನ ಸುತ್ತುಗಳಲ್ಲಿ ಅಡಗಿದ ಚರಿತ್ರೆ

ಹಳೆಯ ಕಾರುಗಳ ಎಂಜಿನನ್ನು ಬಿಚ್ಚಿ ಜೋಡಿಸುವ ಮೇಸ್ತ್ರಿಗಳ ಬಾಯಲ್ಲಿ ದಿನವೂ ಕೇಳಿಬರುವ ‘ತ್ರೆಡ್ಡು ಹೋಗಿದೆ’ ಎಂಬ ಎರಡು ಮಾತುಗಳ ಹಿಂದೆ ಅನೇಕ ಕಾರ್ಖಾನೆಗಳ, ರಾಷ್ಟ್ರಗಳ ಮತ್ತು ಎರಡು ಮಹಾಯುದ್ಧಗಳ ವೃತ್ತಾಂತವು ಅಡಗಿರುವುದೆಂದರೆ ಕೇಳುವವರಿಗೆ ಅದು ಅತಿಶಯೋಕ್ತಿಯೆಂದೇ ತೋರಬಹುದು. ಆದರೆ ತಿರುಪಿನ ಚರಿತ್ರೆಯನ್ನು ಬಲ್ಲವರಿಗೆ ಅದು ಯಥಾರ್ಥವಾದ ಮಾತು. ಆ ಚರಿತ್ರೆಯನ್ನರಿಯದೆ ಸ್ಪ್ಯಾನರು ಹಿಡಿದ ಕೈಗಳಿಂದ ಕೆಟ್ಟುಹೋದ ತ್ರೆಡ್ಡುಗಳು ನಮ್ಮ ದೇಶದಲ್ಲಿ ಅಲ್ಪಸಂಖ್ಯೆಯವಲ್ಲ.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯೂ ತನ್ನ ಮನಸ್ಸಿಗೆ ಬಂದಂತೆ ತಿರುಪು ಕೊರೆಯುತ್ತಿದ್ದುದರಿಂದ, ಒಂದೆಡೆ ಮಾಡಿದ ಬೋಲ್ಟಿಗೆ ಮತ್ತೊಂದೆಡೆಯ ನಟ್ಟು ಕೂಡುತ್ತಿರಲಿಲ್ಲ. ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ಹಲವು ಕಾರ್ಖಾನೆಗಳ ಬೋಲ್ಟುಗಳನ್ನು ಸಂಗ್ರಹಿಸಿ, ಅವುಗಳ ಸರಾಸರಿಯನ್ನು ನಿರ್ಣಯಿಸಿ, 55 ಡಿಗ್ರಿ ಕೋನವುಳ್ಳ ಏಕರೂಪದ ಕ್ರಮವೊಂದನ್ನು 1841ರಲ್ಲಿ ವಿದ್ವಜ್ಜನರ ಮುಂದಿಟ್ಟನು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1864ರಲ್ಲಿ ವಿಲಿಯಂ ಸೆಲ್ಲರ್ಸನು ಕೊರೆಯಲು ಸುಲಭವಾದ 60 ಡಿಗ್ರಿ ಕೋನವನ್ನು ಪ್ರತಿಪಾದಿಸಿದನು. ಫ್ರಾನ್ಸ್ ಮೊದಲಾದ ದೇಶಗಳು ಮಿಲಿಮೀಟರಿನ ಮಾರ್ಗವನ್ನು ಹಿಡಿದವು. ಹೀಗೆ ಮೂರು ವಂಶಗಳು ಹುಟ್ಟಿಕೊಂಡವು.

ಈ ವಂಶಗಳು ಒಂದರೊಳಗೊಂದು ಬೆರೆತ ವಿಚಿತ್ರ ಪ್ರಸಂಗವೊಂದು ನಮ್ಮ ದೇಶದ ಮೋಟಾರು ಚರಿತ್ರೆಗೂ ಸಂಬಂಧಿಸಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಹಾಚ್‌ಕಿಸ್ ಎಂಬ ಆಯುಧ ತಯಾರಕರು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಒಂದು ಕಾರ್ಖಾನೆಯನ್ನು ಸ್ಥಾಪಿಸಿ, ಮಿಲಿಮೀಟರಿನ ತಿರುಪು ಕೊರೆಯುವ ತಮ್ಮ ಯಂತ್ರಗಳನ್ನು ಅಲ್ಲಿ ನೆಲೆಗೊಳಿಸಿದರು. ಯುದ್ಧಾನಂತರ ಅದು ಕಾರಿನ ಎಂಜಿನುಗಳನ್ನು ಮಾಡತೊಡಗಿತು. 1923ರಲ್ಲಿ ಮೋರಿಸ್ ಕಂಪೆನಿಯ ವಶವಾಯಿತು. ಅಷ್ಟೊಂದು ಯಂತ್ರಗಳನ್ನು ಬದಲಿಸುವುದು ದುಬಾರಿಯೆಂದು ಬಗೆದ ಮೋರಿಸ್, ತಿರುಪಿನ ಸುತ್ತುಗಳನ್ನು ಫ್ರೆಂಚ್ ಅಳತೆಯಲ್ಲಿಯೇ ಉಳಿಸಿಕೊಂಡು, ಇಂಗ್ಲೆಂಡಿನ ಮೇಸ್ತ್ರಿಗಳ ಸ್ಪ್ಯಾನರಿಗೆ ಹೊಂದುವಂತೆ ಬೋಲ್ಟಿನ ತಲೆಯನ್ನು ಮಾತ್ರ ವಿಟ್‌ವರ್ತ್ ಅಳತೆಯಲ್ಲಿ ಮಾಡಿತು. ನಮ್ಮ ಹಿಂದುಸ್ತಾನ್ 10 ಕಾರಿಗೆ ಮೂಲವಾದ ಮೋರಿಸ್ ಟೆನ್ ಈ ಸಂಪ್ರದಾಯದಲ್ಲಿಯೇ ಹುಟ್ಟಿದುದು. ತಲೆಯನ್ನು ನೋಡಿ ಇಂಗ್ಲಿಷ್ ಬೋಲ್ಟೆಂದು ನಂಬಿ, ಇಂಗ್ಲಿಷ್ ನಟ್ಟನ್ನು ಬಲಾತ್ಕಾರವಾಗಿ ಬಿಗಿದವನಿಗೆ, ಒಳಗಿರುವುದು ಪರಕೀಯ ತಿರುಪೆಂಬುದು ಅದು ಹಾಳಾದ ಮೇಲೆಯೇ ತಿಳಿಯಬೇಕಾಗಿದ್ದಿತು.

ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಯಂತ್ರಭಾಗಗಳು ಪರಸ್ಪರ ಹೊಂದದೆ ಒದಗಿದ ಕಷ್ಟನಷ್ಟಗಳಿಂದ ಪಾಠ ಕಲಿತು, ಅಮೆರಿಕ, ಬ್ರಿಟನ್ ಮತ್ತು ಕೆನಡಾ ದೇಶಗಳು 1948ರ ನವೆಂಬರಿನಲ್ಲಿ ಇಂಚಿನ ಏಕೀಕೃತ ತಿರುಪಿಗೆ ಒಪ್ಪಿ ಸಹಿಮಾಡಿದವು. ಅಂಬಾಸಿಡರಿನ 1489 ಸಿ.ಸಿ. ಎಂಜಿನು ಈ ಏಕೀಕೃತ ಕುಲಕ್ಕೆ ಸೇರಿದುದು. ಅದೇ ರಸ್ತೆಗಳಲ್ಲಿ ಓಡಾಡಿದ, ಮುಂದೆ ಪದ್ಮಿನಿಯೆಂದು ಹೆಸರಾದ ಫಿಯಟ್ 1100 ಇಟಲಿಯ ಮಿಲಿಮೀಟರಿನ ಕುಲಕ್ಕೆ ಸೇರಿದುದು. 5/16 ಇಂಚಿನ ಬೋಲ್ಟಿನ ವ್ಯಾಸ 7.94 ಮಿ.ಮೀ.; ಅದರ ಪಕ್ಕದಲ್ಲಿ 8 ಮಿ.ಮೀ. ಬೋಲ್ಟನ್ನಿಟ್ಟರೆ ಕಣ್ಣಿಗೆ ಭೇದವೇ ಕಾಣದು. ಆದರೆ ಮೊದಲನೆಯದರ ನಯವಾದ ತಿರುಪಿನಲ್ಲಿ ಇಂಚಿಗೆ 24 ಸುತ್ತುಗಳಿದ್ದರೆ, ಎರಡನೆಯದರಲ್ಲಿರುವುದು ಸುಮಾರು 20. ಒಂದೆರಡು ಸುತ್ತು ಬೆರಳಿಗೇ ತಿರುಗಿದ ನಟ್ಟು ಥಟ್ಟನೆ ಬಿಗಿಯುವುದು. ಬಿಗಿಯಿತೆಂದು ಉದ್ದನೆಯ ಹಿಡಿಯ ಸ್ಪ್ಯಾನರು ಹಾಕಿದರೆ ಸುತ್ತುಗಳು ಸವೆದು ಪುಡಿಯಾಗುವುವು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗುವ ಅನುಭವಿಯಾದ ಮೇಸ್ತ್ರಿ ಹಳೆಯ ಬೋಲ್ಟನ್ನು ಜೇಬಿನಲ್ಲಿ ಹಾಕಿಕೊಂಡೇ ಹೋಗುವುದು ಈ ಕಾರಣದಿಂದ.

ಹೊಂದದ ನಟ್ಟನ್ನು ಬಲಾತ್ಕಾರವಾಗಿ ಬಿಗಿಯುವ ಅವಿವೇಕದ ಫಲವು ಎಲ್ಲಕ್ಕಿಂತ ಮೊದಲು ಕಾಣಿಸಿಕೊಳ್ಳುವುದು ಹೊಗೆಯ ಮಾರ್ಗದಲ್ಲಿ. ಅಂಬಾಸಿಡರಿನ ಸಿಲಿಂಡರ್ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರುಗಳ ಹೊಗೆ ಹೊರಬೀಳಲು ಇರುವ ದ್ವಾರಗಳು ಮೂರೇ. ನಡುವಿನ ಎರಡು ಸಿಲಿಂಡರುಗಳಿಗೆ ಒಂದೇ ದ್ವಾರವಾದುದರಿಂದ ಅಲ್ಲಿ ತಾಪವು ಅಧಿಕ. ಕಾದು ಆರುವ ಲೋಹವು ಹಿಗ್ಗಿ ಕುಗ್ಗುತ್ತ, ಹೊಗೆಯ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿದಿರುವ ಸ್ಟಡ್ಡುಗಳು ಸಡಿಲಿ, ಪ್ಯಾಕಿಂಗು ಸುಟ್ಟು, ಬೆಳಗಿನ ತಣ್ಣನೆಯ ಎಂಜಿನಿನಲ್ಲಿ ‘ಟಿಕ್ ಟಿಕ್’ ಎಂಬ ಸದ್ದು ಮೂಡುವುದು. ಎಂಜಿನು ಕಾದೊಡನೆ ಲೋಹವು ಹಿಗ್ಗಿ ಬಿರುಕನ್ನು ಮುಚ್ಚುವುದರಿಂದ ಸದ್ದು ಅಡಗುವುದು. ಯಜಮಾನರು ಅದನ್ನು ಮರೆತುಬಿಡುವರು. ಮೇಸ್ತ್ರಿಯಾದರೋ ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡಿನ ಅಂಚಿನುದ್ದಕ್ಕೂ ಸರಿಸುತ್ತ, ಕಪ್ಪು ಮಸಿ ಹತ್ತಿದ ಜಾಗವನ್ನು ಕಂಡುಹಿಡಿಯುವನು.

ಮುರಿದ ಸ್ಟಡ್ಡನ್ನು ತೆಗೆಯುವ ವಿದ್ಯೆಯು ಸಹನೆಯ ವಿದ್ಯೆ. ಸೀಮೆಎಣ್ಣೆಯಲ್ಲಿ ರಾತ್ರಿಯೆಲ್ಲ ನೆನೆಯಲು ಬಿಟ್ಟು, ಸುತ್ತಲ ಲೋಹವನ್ನು ಕಾಯಿಸಿ, ಮೊಂಡುತುದಿಗೆ ನಟ್ಟೊಂದನ್ನು ಬೆಸೆದು ಮೆಲ್ಲನೆ ತಿರುಗಿಸಬೇಕು; ಅದಕ್ಕೂ ಬಾರದಿದ್ದರೆ ನಟ್ಟನಡುವೆ ರಂಧ್ರ ಕೊರೆಯಬೇಕು. ತ್ರೆಡ್ಡೇ ಹಾಳಾದಲ್ಲಿ ಹಿಂದಿನವರು ತಿರುಪು ಕೊರೆಯುವ ದೊಡ್ಡ ಟ್ಯಾಪು ಹೊಡೆದು, ಲೇತಿನಲ್ಲಿ ಕಡೆದ ಬುಷ್ಷನ್ನು ಕೂಡಿಸುತ್ತಿದ್ದರು. ಅಮೆರಿಕದಲ್ಲಿ ಯುದ್ಧಕಾಲದ ವಿಮಾನ ಎಂಜಿನುಗಳ ಮೃದುವಾದ ಅಲ್ಯೂಮಿನಿಯಂನಲ್ಲಿ ಪ್ರಸಿದ್ಧಿಗೆ ಬಂದ, ಉಕ್ಕಿನ ತಂತಿಯನ್ನು ಸುರುಳಿಸುತ್ತಿ ಮಾಡಿದ ಹೆಲಿಕಾಯಿಲ್, ಫಿಯಟ್ಟಿನ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ರಂಧ್ರ ಸವೆದಾಗ ಮರುಜೀವವನ್ನು ಕೊಡುವುದು. ಯಾವ ಉಪಾಯಕ್ಕಾದರೂ ಟ್ಯಾಪಿನ ನಡೆ ಒಂದೇ: ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ, ಚೂರು ಮುರಿಯಲಿ, ಮಾರ್ಗ ತೆರೆಯಲಿ.

ಹೊಗೆ ಸೋರುವುದೆಂದರೆ ಸದ್ದಿನ ತೊಂದರೆಯೊಂದೇ ಎಂದು ಭಾವಿಸಲಾಗದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಕ್ಕೆ ನುಸುಳಿ, ನಿದ್ರಿಸುತ್ತಿರುವ ಮಕ್ಕಳ ಪ್ರಾಣಕ್ಕೇ ಕುತ್ತು ತರಬಲ್ಲುದು. ಅಂಬಾಸಿಡರಿನ ತಯಾರಿಕೆ 2014ರಲ್ಲಿಯೇ ನಿಂತುಹೋಗಿದೆ. ಅದರ ತಿರುಪುಗಳ ಮರ್ಮವನ್ನು ಬಲ್ಲ ಕೈಗಳೂ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿವೆ. ಹಳೆಯ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡಿರುವವರು, ಆ ಹಿರಿಯ ಮೇಸ್ತ್ರಿಗಳ ಪಕ್ಕದಲ್ಲಿ ಒಬ್ಬ ಹುಡುಗನನ್ನಾದರೂ ಕುಳ್ಳಿರಿಸಿ, ನಟ್ಟನ್ನು ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ ನೋಡುವ ಆ ಮೊದಲ ಪಾಠವನ್ನು ಅವನಿಗೆ ಕಲಿಸಿಕೊಡಬೇಕು.