ದಂಡಿನ ಬೀದಿಯಲ್ಲೊಂದು ಬೆಳಿಗ್ಗೆ

"ನಿನ್ನ ಹೆತ್ತ ಜಾಗದ್ದೊಂದು ಫೋಟೊ ತಗೊಂಡು ಬಾರೆ" ಎಂದು ಅಮ್ಮ ಕೇಳಿದಾಗ ನನಗೆ ನಗು ಬಂತು. ಎಂಬತ್ತು ದಾಟಿದ ಅಮ್ಮ ಇದುವರೆಗೆ ನನ್ನಿಂದ ಏನನ್ನೂ ಬೇಡಿದವಳಲ್ಲ. ಮಗ ಕೊಡಿಸಿದ ಪುಟ್ಟ ಕ್ಯಾಮರಾದಲ್ಲಿ ನಾನು ಕಂಡ ಗೋಪುರ, ಕಂಡ ಹಕ್ಕಿಯನ್ನೆಲ್ಲ ತೆಗೆದು ತೋರಿಸುತ್ತಿದ್ದೆನಲ್ಲ, ಅದನ್ನು ನೋಡಿ ಆಸೆಯಾಗಿರಬೇಕು ಎಂದುಕೊಂಡೆ. ಆದರೆ ಅಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ತುಮಕೂರಿನ ಮನೆಯ ನಡುಮನೆಯಲ್ಲಿ ಬತ್ತಿ ಹೊಸೆಯುತ್ತ, ಅರವತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ಮಾತೊಂದನ್ನು ತಲೆ ಎತ್ತದೆಯೇ ಹೇಳಿದಳು.

1964ರಲ್ಲಿ ಅಪ್ಪ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಶಿವಾಜಿನಗರದ ವಠಾರವೊಂದರಲ್ಲಿ ಒಂದೂವರೆ ಕೋಣೆಯ ಸಂಸಾರ. ನಾನು ಹುಟ್ಟಿದ್ದು ಅಲ್ಲಿನ ಗೋಷಾ ಆಸ್ಪತ್ರೆಯಲ್ಲಿ.

"ಮೂರು ದಿನ ನನಗೆ ಹಾಲೇ ಇಳೀಲಿಲ್ಲ. ಅತ್ತು ಅತ್ತು ನಿನ್ನ ಗಂಟಲು ಕಟ್ಟಿಹೋಗಿತ್ತು. ಪಕ್ಕದ ಮಂಚದಲ್ಲಿ ಸಾಬರ ಹೆಂಗಸೊಬ್ಬಳಿದ್ದಳು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಸುಮ್ಮನೆ ಕೈ ಚಾಚಿದಳು. ಕೊಟ್ಟೆ. ತನ್ನ ಮಗುವಿನ ಜೊತೆ ನಿನಗೂ ಕುಡಿಸಿದಳು. ನಿಮ್ಮಜ್ಜಿಗೆ ತಿಳಿದಿದ್ದರೆ ನನ್ನನ್ನು ಹೊಸಿಲು ದಾಟಿಸುತ್ತಿರಲಿಲ್ಲ. ನಿಮ್ಮಪ್ಪನಿಗೂ ಹೇಳಲಿಲ್ಲ."

"ಅವಳ ಹೆಸರೇನಮ್ಮ?"

"ಕೇಳಲೇ ಇಲ್ಲವಲ್ಲೇ" ಎಂದಳು ಅಮ್ಮ. ಅವಳ ಕೈ ಬತ್ತಿಯ ಮೇಲೆ ಹಾಗೇ ನಿಂತಿತ್ತು.

ಹೀಗೆ ಸೆಪ್ಟೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ಕ್ಯಾಮರಾವನ್ನು ಕೊರಳಿಗೆ ಹಾಕಿಕೊಂಡು ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಇಳಿದೆ.

ನಮ್ಮ ಹಿರಿಯರು ಈ ಭಾಗವನ್ನು ದಂಡು ಎನ್ನುತ್ತಿದ್ದರು. ಆ ಕಡೆ ಪೇಟೆ, ಈ ಕಡೆ ದಂಡು; ಅವರ ಬೆಂಗಳೂರೆಂದರೆ ಎರಡು ಊರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರ ಸೈನ್ಯ 1809ರಲ್ಲಿ ಇಲ್ಲಿಗೆ ಬಂತು. ಸೈನ್ಯವೆಂದರೆ ಬರೀ ಸಿಪಾಯಿಗಳೇ? ಅವರಿಗೆ ಅಡುಗೆಯವರು ಬೇಕು, ಅಗಸರು, ದರ್ಜಿಗಳು, ಕುದುರೆಗೆ ಹುಲ್ಲು ತರುವವರು, ಮಾಂಸ ತರಕಾರಿ ಒದಗಿಸುವವರು ಬೇಕು. ಮದರಾಸಿನ ಕಡೆಯಿಂದ ತಮಿಳರು, ತೆಲುಗರು ಬಂದರು. ದಖನಿ ಮಾತಾಡುವ ಮುಸಲ್ಮಾನರು, ಕಛ್‌ನಿಂದ ಮೇಮನ್ ವ್ಯಾಪಾರಿಗಳು ಬಂದರು. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಹಾಕಿದ ಮೇಲೆ ಬರುವವರ ದಾರಿ ಇನ್ನೂ ಸಲೀಸಾಯಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿ ಬಂದರೂ ದಂಡು ಮಾತ್ರ ಬ್ರಿಟಿಷರಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ. ಎರಡು ಊರಿಗೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಇಲ್ಲಿ ನಾನಾ ಜನ ಸೇರಿದ್ದು ಪ್ರೀತಿಯಿಂದಲ್ಲ, ಹೊಟ್ಟೆಪಾಡಿಗೆ ಎಂದಾಯಿತು. ಹಾಗೆ ಬಂದವರು ಅಕ್ಕಪಕ್ಕದಲ್ಲಿ ಬಾಳಲು ಕಲಿತರಲ್ಲ, ಆ ಕಥೆ ಎಲ್ಲಿದೆ? ನಾನು ಅದನ್ನು ಬೀದಿಯ ಹಲಗೆಗಳಲ್ಲಿ ಹುಡುಕತೊಡಗಿದೆ. ನಾರಾಯಣ ಪಿಳ್ಳೆ ಸ್ಟ್ರೀಟ್, ವೀರಪಿಳ್ಳೆ ಸ್ಟ್ರೀಟ್, ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ಜುಮ್ಮಾ ಮಸೀದಿ ರಸ್ತೆ, ಧರ್ಮರಾಜ ಕೋಯಿಲ್ ಸ್ಟ್ರೀಟ್, ಕಾಲಾಳು ಪಡೆಯ ನೆನಪಿನ ಇನ್‌ಫೆಂಟ್ರಿ ರಸ್ತೆ. ಒಂದೊಂದನ್ನೂ ಫೋಟೊ ತೆಗೆಯುತ್ತ ಹೋದಾಗ ಒಂದು ವಿಷಯ ಹೊಳೆಯಿತು. ಹೆಂಗಸರ ಹೆಸರು ಇಲ್ಲವೆಂದಲ್ಲ. ಮೀನಾಕ್ಷಿ ಕೋಯಿಲ್ ಸ್ಟ್ರೀಟ್ ಇದೆ, ಆದರೆ ಮೀನಾಕ್ಷಿ ದೇವತೆ. ಕ್ವೀನ್ಸ್ ರಸ್ತೆ ಇದೆ, ಅದು ರಾಣಿಯದು. ಲೇಡಿ ಕರ್ಜನ್ ರಸ್ತೆಯೂ ಇದೆ. ವೈಸರಾಯರ ಆ ಹೆಂಡತಿಯ ಸ್ವಂತ ಹೆಸರು ಮೇರಿ, ಹಲಗೆಯ ಮೇಲಿರುವುದು ಗಂಡನ ಹೆಸರು. ದೇವತೆಯಾಗಬೇಕು, ರಾಣಿಯಾಗಬೇಕು, ಇಲ್ಲವೇ ದೊಡ್ಡವರ ಹೆಂಡತಿಯಾಗಬೇಕು. ಪಕ್ಕದ ಮಂಚದ ಹೆಂಗಸಿನ ಹೆಸರಿನ ಬೀದಿಯನ್ನು ಯಾರು ತಾನೇ ಮಾಡಿಯಾರು?

ಸೇಂಟ್ ಮೇರಿ ಬೆಸಿಲಿಕಾದ ಮುಂದೆ ಜನಸಾಗರ. ಸೆಪ್ಟೆಂಬರ್ 8 ಮೇರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮುಂಚಿನ ದಿನಗಳಲ್ಲಿ ಕಾವಿ ಬಣ್ಣದ ಸೀರೆಯುಟ್ಟು ಹರಕೆ ಹೊತ್ತ ಹೆಂಗಸರು ಬರುತ್ತಲೇ ಇರುತ್ತಾರೆ. 1875ರಲ್ಲಿ ಕಟ್ಟಲು ಶುರುಮಾಡಿ 1882ರಲ್ಲಿ ಮುಗಿಸಿದ ಚರ್ಚು ಇದು. ಚೂಪು ಕಮಾನು, ಎತ್ತರದ ಗೋಪುರ ಎಲ್ಲವೂ ಯುರೋಪಿನ ಮಾದರಿ. ಒಳಗಿನ ತಾಯಿಗೆ ಮಾತ್ರ ನಮ್ಮ ಹಾಗೇ ಸೀರೆ. ಕನ್ನಡದಲ್ಲೂ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಇಲ್ಲಿ ಪೂಜೆ ನಡೆಯುತ್ತದೆ. ಮೊಂಬತ್ತಿ ಹಿಡಿದು ನಿಂತವರಲ್ಲಿ ಹಣೆಗೆ ಕುಂಕುಮವಿಟ್ಟವರೂ ಇದ್ದರು, ಬುರ್ಖಾ ತೊಟ್ಟವರೂ ಇದ್ದರು.

ನೋಡಲು ಚೆಂದವಾಗಿದೆ ಎಂದು ಎಲ್ಲವನ್ನೂ ಚೆಂದ ಎಂದುಬಿಟ್ಟರೆ ಸುಳ್ಳಾಗುತ್ತದೆ. ಇದೇ ನಗರ 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ, 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ಹೆಸರಿನಲ್ಲಿ ರಕ್ತ ಹರಿಸಿಕೊಂಡಿದೆ. ಆ ಅಕ್ಟೋಬರಿನಲ್ಲಿ ಅಮ್ಮ ಪೇಪರು ಮಡಿಸಿಟ್ಟು, "ಪಾಪ, ಅವಳಿಗೇನಾಯಿತೋ" ಎಂದಿದ್ದಳು. ಯಾರಿಗೆ ಎಂದು ನಾವ್ಯಾರೂ ಕೇಳಿರಲಿಲ್ಲ. ಅದು ಯಾರಿಗೆಂದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಕೊನೆಗೆ ಗೋಷಾ ಆಸ್ಪತ್ರೆಗೆ ಬಂದೆ. ಗೋಷಾ ಎಂದರೆ ಪರದೆ. ಪರದೆಯೊಳಗಿನ ಹೆಂಗಸರು ಗಂಡಸು ವೈದ್ಯರ ಮುಂದೆ ಬರಲೊಪ್ಪದೆ ಮನೆಯಲ್ಲೇ ನರಳುತ್ತಿದ್ದ ಕಾಲದಲ್ಲಿ, 1925ರಲ್ಲಿ, ಹಾಜಿ ಸರ್ ಇಸ್ಮಾಯಿಲ್ ಸೇಠ್ ಎಂಬ ಮೇಮನ್ ವರ್ತಕರ ದಾನದಿಂದ ಈ ಆಸ್ಪತ್ರೆ ಆಯಿತು. ಹೆಸರು ಗೋಷಾ ಆದರೂ ಎಲ್ಲ ಜಾತಿಯ ಬಸುರಿಯರೂ ಇಲ್ಲಿಗೆ ಬಂದರು. ಪರದೆ ಹೆಂಗಸರನ್ನು ಕಟ್ಟಿಹಾಕುತ್ತದೆ ಎಂದು ನಾನು ಎಷ್ಟೋ ಸಲ ವಾದಿಸಿದ್ದೇನೆ. ಆ ಮಾತನ್ನು ಇಂದೂ ಬಿಟ್ಟುಕೊಡಲಾರೆ. ಆದರೆ ಅಂದು ಗಂಡಸರ ಕಣ್ಣು ಬೀಳದ ಆ ಮರೆಯಲ್ಲಿ, ಮಡಿಯ ಮನೆಯ ಸೊಸೆಯೊಬ್ಬಳು ತನ್ನ ಕೂಸನ್ನು ಇನ್ನೊಬ್ಬಳ ಮಡಿಲಿಗೆ ಹಾಕಲು ಸಾಧ್ಯವಾಯಿತು ಎಂಬುದೂ ನಿಜವೇ.

ಬಾಣಂತಿಯರಿರುವ ಜಾಗಕ್ಕೆ ಕ್ಯಾಮರಾ ಒಯ್ಯಲು ಮನಸ್ಸು ಒಪ್ಪಲಿಲ್ಲ. ಎದುರಿನ ಕಾಲುದಾರಿಯಲ್ಲಿ ನಿಂತು ಹೊರಗಿನದಷ್ಟನ್ನೇ ತೆಗೆದೆ. ಗೇಟಿನಲ್ಲಿ ಅಜ್ಜಿಯೊಬ್ಬಳು ಫ್ಲಾಸ್ಕು ಹಿಡಿದು ಅವಸರವಾಗಿ ಒಳಹೋದಳು. ಯಾವ ಭಾಷೆಯವಳೋ, ಮುಖದ ಗಾಬರಿ ಮಾತ್ರ ಎಲ್ಲ ಅಜ್ಜಿಯರದ್ದೇ.

ವಾಪಸು ಬರುವಾಗ ರಸೆಲ್ ಮಾರ್ಕೆಟ್ಟಿಗೆ ಹೋದೆ. 1927ರಲ್ಲಿ ಕಟ್ಟಿದ ಈ ಮಾರುಕಟ್ಟೆಯ ಎಷ್ಟೋ ಅಂಗಡಿಗಳು 2012ರ ಫೆಬ್ರವರಿಯ ಬೆಂಕಿಯಲ್ಲಿ ಸುಟ್ಟುಹೋಗಿದ್ದವು. ವ್ಯಾಪಾರಿಗಳು ಮತ್ತೆ ಅಲ್ಲೇ ತಕ್ಕಡಿ ಹಿಡಿದು ಕೂತರು. ಹೊರಗೆ ಗೋಣಿಚೀಲ ಹಾಸಿಕೊಂಡು ಬುರ್ಖಾದ ಮುದುಕಿಯೊಬ್ಬಳು ನಿಂಬೆಹಣ್ಣು ಗುಡ್ಡೆ ಮಾಡುತ್ತಿದ್ದಳು. ಅಮ್ಮನ ವಯಸ್ಸೇ ಇದ್ದೀತು. ಎದೆ ಒಮ್ಮೆ ಹೊಡೆದುಕೊಂಡಿತು. ಇವಳೇ ಏಕಾಗಿರಬಾರದು? ಹುಚ್ಚು ಯೋಚನೆ ಎಂದು ಗೊತ್ತಿದ್ದೂ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತೆ.

"ಒಂದು ಫೋಟೊ ತೆಗೀಲಾ ಅಮ್ಮ?"

ಅವಳು ನನ್ನ ಮುಖ ನೋಡಿದಳು, ಕ್ಯಾಮರಾ ನೋಡಿದಳು. "ಮುಖ ಬೇಡಮ್ಮಾ" ಎಂದಳು. ಮತ್ತೆ ನನಗೆ ಬೇಜಾರಾದೀತೆಂದೋ ಏನೋ, "ಕೈ ಬೇಕಾದ್ರೆ ತಗೊಳ್ಳಿ" ಎಂದು ಎರಡೂ ಕೈಯಲ್ಲಿ ನಿಂಬೆಹಣ್ಣು ತುಂಬಿ ಚಾಚಿದಳು. ಸುಕ್ಕುಗಟ್ಟಿದ ಮುಂಗೈ, ಹಸಿರು ಗಾಜಿನ ಬಳೆ. ಒಂದೇ ಒಂದು ತೆಗೆದೆ. ಹತ್ತು ಹಣ್ಣು ಕೊಂಡೆ.

ಅಮ್ಮ ಆಸ್ಪತ್ರೆಯ ಫೋಟೊವನ್ನು ಹೀಗೆ ನೋಡಿ ಹಾಗೆ ಇಟ್ಟಳು. ಆ ಜಾಗವೇ ಗುರುತು ಸಿಗಲಿಲ್ಲವೆಂದಳು. ಕೈಯ ಫೋಟೊವನ್ನು ಮಾತ್ರ ಕನ್ನಡಕ ಒರೆಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು.

"ನಿನ್ನ ಎತ್ತಿಕೊಳ್ಳುವಾಗ ಅವಳ ಬಳೆ ಸದ್ದಾಗುತ್ತಿತ್ತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಹಣ್ಣಿಗೆ ಎಷ್ಟು ಕೊಟ್ಟೆ?"

"ಕೇಳಿದಷ್ಟು ಕೊಟ್ಟೆ."

"ಒಳ್ಳೇದು ಮಾಡಿದೆ" ಎಂದಳು ಅಮ್ಮ. "ಅಲ್ಲಿ ನಾವು ಚೌಕಾಸಿ ಮಾಡಬಾರದು ಕಣೆ."