ಕಂಡೂ ಕಾಣದ ಕ್ರಿಕೆಟ್ ಮಂಡಳಿಗಳು

1936ರ ಜೂನ್‌ನಲ್ಲಿ, ಇಂಗ್ಲೆಂಡ್ ಪ್ರವಾಸ ಇನ್ನೂ ಅರ್ಧದಲ್ಲಿರುವಾಗಲೇ, ಭಾರತ ತಂಡದ ಲಾಲಾ ಅಮರನಾಥ್ ಅವರನ್ನು ಹಡಗು ಹತ್ತಿಸಿ ಮನೆಗೆ ಕಳಿಸಲಾಯಿತು. ಮೂರು ವರ್ಷದ ಹಿಂದೆ ಬೊಂಬಾಯಿಯ ಜಿಮ್ಖಾನಾ ಮೈದಾನದಲ್ಲಿ 118 ರನ್ ಹೊಡೆದು, ಟೆಸ್ಟ್ ಶತಕ ಗಳಿಸಿದ ಮೊದಲ ಭಾರತೀಯ ಎನಿಸಿಕೊಂಡಿದ್ದವರು ಅವರು. ಈ ಪ್ರವಾಸದಲ್ಲೂ ಬ್ಯಾಟು, ಚೆಂಡು ಎರಡರಲ್ಲೂ ಮಿಂಚುತ್ತಿದ್ದರು. ಹಾಗಾದರೆ ಮಾಡಿದ ತಪ್ಪೇನು? ಲಾರ್ಡ್ಸ್‌ನ ಪಂದ್ಯವೊಂದರಲ್ಲಿ ಪ್ಯಾಡ್ ಕಟ್ಟಿ ಕೂತಿದ್ದ ಅವರ ಸರದಿಯನ್ನು ನಾಯಕರು ಕೆಳಗೆ ತಳ್ಳುತ್ತಲೇ ಹೋದರು. ಡ್ರೆಸ್ಸಿಂಗ್ ರೂಮಿಗೆ ಬಂದ ಮೇಲೆ ಅಮರನಾಥ್ ಪ್ಯಾಡ್ ಕಿತ್ತೆಸೆದು ಪಂಜಾಬಿಯಲ್ಲಿ ಏನೋ ಗೊಣಗಿದರು. ನಾಯಕರಾಗಿದ್ದವರು ವಿಜಯನಗರಂನ ಮಹಾರಾಜಕುಮಾರ. ಆಟದ ಬಲಕ್ಕಿಂತ ಹಣ, ಅಂತಸ್ತಿನ ಬಲದಿಂದ ಆ ಪಟ್ಟಕ್ಕೆ ಬಂದವರು. ಮುಂದೆ ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸರ್ ಜಾನ್ ಬ್ಯೂಮಾಂಟ್ ನೇತೃತ್ವದ ಸಮಿತಿ ಅಮರನಾಥ್ ಮೇಲಿನ ಕಳಂಕ ತೊಳೆದು, ನಾಯಕತ್ವವನ್ನೇ ಟೀಕಿಸಿತು. ಅದೇ ಅಮರನಾಥ್ ಸ್ವತಂತ್ರ ಭಾರತದ ಮೊದಲ ಟೆಸ್ಟ್ ನಾಯಕರಾದರು. 1949ರಲ್ಲಿ ಮತ್ತೆ ‘ಅಶಿಸ್ತು’ ಎಂಬ ಹಣೆಪಟ್ಟಿ ಹಚ್ಚಿಸಿಕೊಂಡು ಅಮಾನತಾದದ್ದೂ ಅವರೇ.

ಪ್ರತಿಭಾವಂತ ಆಟಗಾರನ ನಡತೆಯಲ್ಲಿ ಕಾಣುವ ಅಪಾಯದ ಸೂಚನೆಗಳನ್ನು ತಂಡ ನಿರ್ಲಕ್ಷಿಸಬಹುದೇ ಎಂದು ಕೇಳಿದಾಗ ಮೊದಲು ಎದುರಾಗುವ ಆಕ್ಷೇಪ ಇದೇ. ನಡತೆಗೆ ಅಂಕ ಹಾಕುವವರು ಯಾರು? ಅಧಿಕಾರಸ್ಥರ ಕೈಗೆ ಆ ಅಳತೆಗೋಲು ಕೊಟ್ಟರೆ ತಲೆಬಾಗದವನೇ ದುರ್ನಡತೆಯವನಾಗುತ್ತಾನೆ. ಆಕ್ಷೇಪ ಸುಳ್ಳಲ್ಲ. ಆದರೆ ಕ್ರಿಕೆಟ್ಟಿನ ಚರಿತ್ರೆಯನ್ನು ಇನ್ನಷ್ಟು ಮುಂದಕ್ಕೆ ಓದಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮಂಡಳಿಗಳು ಎದುರು ಮಾತಾಡಿದವನನ್ನು ಬೇಗ ಹಿಡಿದಿವೆ, ಆಟಕ್ಕೇ ದ್ರೋಹವಾಗುವಂಥ ಸುಳಿವು ಕೊಟ್ಟವನನ್ನು ಅವನ ಆಟದ ಆಸೆಗೆ ಬಿಟ್ಟಿವೆ. ಸಿಡುಕುತನ ಡ್ರೆಸ್ಸಿಂಗ್ ರೂಮಿನ ನೆಮ್ಮದಿ ಕೆಡಿಸಬಹುದು, ಆದರೆ ಅದರಿಂದ ಸ್ಕೋರ್‌ಬೋರ್ಡ್ ಸುಳ್ಳಾಗುವುದಿಲ್ಲ. ಕದ್ದುಮುಚ್ಚಿ ಪಡೆದ ಹಣದಿಂದ ಆಗುತ್ತದೆ. ಈ ಎರಡನ್ನೂ ‘ನಡತೆ’ ಎಂಬ ಒಂದೇ ಮೂಟೆಯಲ್ಲಿ ಕಟ್ಟಿದ್ದರಿಂದಲೇ ಮುಂದಿನ ಅನಾಹುತಗಳಿಗೆ ದಾರಿಯಾಯಿತು.

1994ರ ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಆಸ್ಟ್ರೇಲಿಯಾದ ಶೇನ್ ವಾರ್ನ್ ಮತ್ತು ಮಾರ್ಕ್ ವಾ, ‘ಜಾನ್’ ಎಂದು ಹೇಳಿಕೊಂಡ ಬುಕ್ಕಿಯೊಬ್ಬನಿಂದ ಹಣ ಪಡೆದರು. ವಾರ್ನ್‌ಗೆ 5,000 ಡಾಲರ್, ವಾಗೆ 4,000. ಕೊಡಬೇಕಾದದ್ದು ಪಿಚ್, ಹವಾಮಾನದ ಮಾಹಿತಿ ಮಾತ್ರ ಎಂಬುದು ಅವರ ವಿವರಣೆ. ಅದೇ ತಿಂಗಳ ಕೊನೆಗೆ ಶುರುವಾದ ಕರಾಚಿ ಟೆಸ್ಟಿನ ಹೊತ್ತಿನಲ್ಲಿ, ಕೆಟ್ಟದಾಗಿ ಬೌಲ್ ಮಾಡಲು ಪಾಕಿಸ್ತಾನದ ನಾಯಕ ಸಲೀಂ ಮಲಿಕ್ ತಮಗೆ ದೊಡ್ಡ ಮೊತ್ತದ ಆಮಿಷ ಒಡ್ಡಿದರು ಎಂದು ವಾರ್ನ್ ದೂರಿದರು. ಅವರು ಆಮಿಷಕ್ಕೆ ಬಗ್ಗಲಿಲ್ಲ, ಎರಡನೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಕಿತ್ತರು. ಆದರೂ 314 ರನ್ ಬೆನ್ನಟ್ಟಿದ ಪಾಕಿಸ್ತಾನ ಒಂದು ವಿಕೆಟ್ ಅಂತರದಲ್ಲಿ ಗೆದ್ದಿತು. ಆಸ್ಟ್ರೇಲಿಯಾದ ಮಂಡಳಿಗೆ ‘ಜಾನ್’ ವಿಷಯ ಗೊತ್ತಾದದ್ದು 1995ರ ಆರಂಭದಲ್ಲಿ. ವಾಗೆ 10,000, ವಾರ್ನ್‌ಗೆ 8,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿ, ಐಸಿಸಿಯ ಹಿರಿಯ ಅಧಿಕಾರಿಗಳ ಕಿವಿಗಷ್ಟೇ ಹಾಕಿ ಸುಮ್ಮನಾಯಿತು. ಮಲಿಕ್ ಮೇಲಿನ ದೂರು ವಿಚಾರಿಸಿದ ಪಾಕಿಸ್ತಾನದ ನ್ಯಾಯಮೂರ್ತಿ ಫಖ್ರುದ್ದೀನ್ ಇಬ್ರಾಹಿಂ, ಆರೋಪಕ್ಕೆ ಆಧಾರವಿಲ್ಲವೆಂದು ಕೈಬಿಟ್ಟರು. ದೂರುದಾರರು ಬುಕ್ಕಿಯಿಂದ ಹಣ ಪಡೆದವರೆಂಬುದು ಅವರ ಮುಂದೆ ಬರಲೇ ಇಲ್ಲ. 1998ರ ಅಕ್ಟೋಬರ್‌ನಲ್ಲಿ ಲಾಹೋರಿನಲ್ಲಿ ಸಾಕ್ಷ್ಯ ನುಡಿದಾಗಲೂ ಮಾರ್ಕ್ ವಾ ಅದನ್ನು ಬಾಯಿಬಿಡಲಿಲ್ಲ. ಎರಡು ತಿಂಗಳ ನಂತರ ಪತ್ರಿಕೆಯೊಂದು ಬಯಲಿಗೆಳೆಯಿತು. ತನ್ನಿಬ್ಬರು ತಾರೆಯರನ್ನು ಉಳಿಸಿಕೊಳ್ಳಲು ಮಂಡಳಿ ಮುಚ್ಚಿಟ್ಟದ್ದು ಅವರ ತಪ್ಪನ್ನಷ್ಟೇ ಅಲ್ಲ. ಉಪಖಂಡದ ಹೋಟೆಲುಗಳಲ್ಲಿ ಬುಕ್ಕಿಗಳು ಆಟಗಾರರ ಸ್ನೇಹ ಬೆಳೆಸುತ್ತಿದ್ದಾರೆ ಎಂಬ ಎಚ್ಚರಿಕೆಯೂ ಆ ಕಡತದೊಂದಿಗೇ ಕಪಾಟು ಸೇರಿತು.

ಲಾಹೋರಿನ ಆ ವಿಚಾರಣೆ ನಡೆಸಿದವರು ನ್ಯಾಯಮೂರ್ತಿ ಮಲಿಕ್ ಖಯ್ಯೂಂ. 2000ದ ಮೇ ತಿಂಗಳಲ್ಲಿ ಪ್ರಕಟವಾದ ಅವರ ವರದಿ ಸಲೀಂ ಮಲಿಕ್ ಮತ್ತು ಅತಾ-ಉರ್-ರೆಹಮಾನ್ ಇಬ್ಬರಿಗೂ ಆಜೀವ ನಿಷೇಧ ಶಿಫಾರಸು ಮಾಡಿತು. ವಾಸಿಂ ಅಕ್ರಂ ವಿಷಯದಲ್ಲಿ ಮುಖ್ಯ ಸಾಕ್ಷಿ ಮಾತು ಬದಲಿಸಿದ್ದರಿಂದ ಅವರಿಗೆ ಸಂಶಯದ ಲಾಭ ಸಿಕ್ಕಿತು. ನಾಯಕತ್ವ ಬೇಡ, ಮೂರು ಲಕ್ಷ ರೂಪಾಯಿ ದಂಡ, ಮೇಲೊಂದು ಕಣ್ಣಿರಲಿ ಎಂದಿತು ವರದಿ. ಕೆಲ ವರ್ಷದ ಬಳಿಕ ಖಯ್ಯೂಂ ಸಂದರ್ಶನವೊಂದರಲ್ಲಿ, ವಾಸಿಂ ಅಷ್ಟು ದೊಡ್ಡ ಆಟಗಾರರಾದ್ದರಿಂದ ತಮಗೆ ಅವರ ಮೇಲೆ ಮೃದು ಧೋರಣೆ ಇತ್ತೆಂದು ಒಪ್ಪಿಕೊಂಡರು. ಪ್ರತಿಭೆಗೆ ರಿಯಾಯಿತಿ ಕೊಡುವ ಅಭ್ಯಾಸ ಆಯ್ಕೆಗಾರರದ್ದು ಮಾತ್ರ ಎಂದುಕೊಂಡಿದ್ದವರಿಗೆ ಈ ಮಾತು ಕಣ್ಣು ತೆರೆಸಬೇಕು, ನ್ಯಾಯಪೀಠವನ್ನೂ ಅದು ಬಿಟ್ಟಿರಲಿಲ್ಲ. ತನಿಖೆಗೆ ಸರಿಯಾಗಿ ಸಹಕರಿಸದ್ದಕ್ಕೆ ದಂಡ ತೆತ್ತವರಲ್ಲಿ ವಕಾರ್ ಯೂನಿಸ್ ಒಬ್ಬರು. ಮುಷ್ತಾಕ್ ಅಹ್ಮದ್‌ಗೆ ಹೊಣೆಗಾರಿಕೆಯ ಹುದ್ದೆ ಕೊಡಬಾರದೆಂಬ ಸಲಹೆಯಿತ್ತು. ಇಬ್ಬರ ಮೇಲೂ ಫಿಕ್ಸಿಂಗ್ ಸಾಬೀತಾಗಿರಲಿಲ್ಲ, ನಿಜ. ಆದರೂ 2010ರ ಲಾರ್ಡ್ಸ್ ಟೆಸ್ಟಿನ ಹೊತ್ತಿಗೆ ವಕಾರ್ ಪಾಕಿಸ್ತಾನದ ಮುಖ್ಯ ತರಬೇತುದಾರ, ಮುಷ್ತಾಕ್ ಇಂಗ್ಲೆಂಡಿನ ಸ್ಪಿನ್ ತರಬೇತುದಾರ. ವರದಿಯನ್ನು ಮಂಡಳಿಗಳು ಎಷ್ಟು ಗಂಭೀರವಾಗಿ ಓದಿದ್ದವು ಎಂಬುದು ಇಷ್ಟರಿಂದಲೇ ಗೊತ್ತಾಗುತ್ತದೆ.

ಆ ಟೆಸ್ಟಿನಲ್ಲಿ ಹೊಸ ಚೆಂಡು ಹಿಡಿದವರಲ್ಲಿ ಪಾಕಿಸ್ತಾನದ ಮೊಹಮ್ಮದ್ ಆಸಿಫ್ ಇದ್ದರು. 23 ಟೆಸ್ಟ್‌ಗಳಲ್ಲಿ 106 ವಿಕೆಟ್. ಚೆಂಡನ್ನು ಎರಡೂ ಕಡೆಗೆ ಅಷ್ಟು ಸಲೀಸಾಗಿ ಹೊರಳಿಸಬಲ್ಲವರು ಆ ಕಾಲದಲ್ಲಿ ಕಡಿಮೆ. ಅವರ ಬಗ್ಗೆ ಸೂಚನೆಗಳು ಒಂದಲ್ಲ, ಸಾಲುಸಾಲಾಗಿ ಬಂದಿದ್ದವು. 2006ರಲ್ಲಿ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು, ನಿಷೇಧ ಮೇಲ್ಮನವಿಯಲ್ಲಿ ರದ್ದಾಯಿತು. 2008ರಲ್ಲಿ ಅಫೀಮು ಇಟ್ಟುಕೊಂಡ ಆರೋಪದ ಮೇಲೆ ದುಬೈ ವಿಮಾನ ನಿಲ್ದಾಣದಲ್ಲಿ ತಡೆದು, 19 ದಿನ ಬಂಧನದಲ್ಲಿಟ್ಟರು. ಅದೇ ವರ್ಷ ಐಪಿಎಲ್‌ನಲ್ಲಿ ಮತ್ತೆ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ಒಂದು ವರ್ಷ ಹೊರಗುಳಿದರು. ಗಡುವು ಮುಗಿದದ್ದೇ ತಡ, ತಂಡದ ಬಾಗಿಲು ತೆರೆಯಿತು. 2010ರ ಆಗಸ್ಟ್‌ನಲ್ಲಿ ಏಜೆಂಟ್ ಮಜರ್ ಮಜೀದ್, ವೇಷ ಮರೆಸಿದ ಪತ್ರಕರ್ತರಿಂದ 1,50,000 ಪೌಂಡ್ ಎಣಿಸಿಕೊಂಡು ಯಾವ ಎಸೆತ ನೋಬಾಲ್ ಎಂದು ಮೊದಲೇ ಹೇಳಿದ್ದ. ಆಸಿಫ್ ಮತ್ತು ಹದಿನೆಂಟರ ಹುಡುಗ ಮೊಹಮ್ಮದ್ ಅಮೀರ್ ಹಾಗೆಯೇ ಹಾಕಿದರು. ನಾಯಕ ಸಲ್ಮಾನ್ ಬಟ್‌ಗೆ ಮೂವತ್ತು ತಿಂಗಳು, ಆಸಿಫ್‌ಗೆ ಒಂದು ವರ್ಷ, ಅಮೀರ್‌ಗೆ ಆರು ತಿಂಗಳು ಜೈಲು. ಮದ್ದು ತೆಗೆದುಕೊಂಡವನೆಲ್ಲ ಪಂದ್ಯ ಮಾರುತ್ತಾನೆಂದು ಯಾರೂ ಹೇಳಲಾರರು. ನಿಯಮ ಮೀರಿದರೂ ಜಾಗ ಕಾದಿರುತ್ತದೆ ಎಂಬ ಪಾಠವನ್ನಂತೂ ಮಂಡಳಿ ಆಸಿಫ್‌ಗೆ ನಾಲ್ಕು ವರ್ಷ ಕಲಿಸಿತ್ತು.

ಕಣ್ಣು ಮುಚ್ಚಿಕೊಂಡದ್ದರ ಬೆಲೆ ತೆರುವವರು ಬಹುಪಾಲು ಕಿರಿಯರೇ. ದಕ್ಷಿಣ ಆಫ್ರಿಕಾದ ಹಾನ್ಸಿ ಕ್ರೋನಿಯೆ 1996ರಲ್ಲೇ ಮುಂಬೈಯಲ್ಲಿ, ಪಂದ್ಯ ಸೋತರೆ ದೊಡ್ಡ ಮೊತ್ತ ಸಿಗುತ್ತದೆಂಬ ಪ್ರಸ್ತಾಪವನ್ನು ಇಡೀ ತಂಡದ ಸಭೆಯ ಮುಂದಿಟ್ಟಿದ್ದರು. ತಂಡ ಬೇಡವೆಂದಿತು, ಆದರೆ ನಾಯಕನೇ ಅಂಥ ಮಾತು ಹೊತ್ತು ತಂದದ್ದಕ್ಕೆ ಏನೂ ಆಗಲಿಲ್ಲ. ಅವರು ಸಭ್ಯ, ದೈವಭಕ್ತ, ಗೆಲ್ಲುವ ನಾಯಕ ಎಂಬ ಹೆಸರು ಎಲ್ಲವನ್ನೂ ಮುಚ್ಚಿತು. ನಾಲ್ಕು ವರ್ಷದ ಬಳಿಕ ನಾಗ್ಪುರದಲ್ಲಿ ಅವರು ಆರಿಸಿಕೊಂಡದ್ದು ತಂಡದಲ್ಲಿದ್ದ ಮಿಶ್ರ ಜನಾಂಗದ ಇಬ್ಬರನ್ನು: 20ಕ್ಕಿಂತ ಕಡಿಮೆ ರನ್ನಿಗೆ ಔಟಾಗಲು ಹರ್ಷೆಲ್ ಗಿಬ್ಸ್, ರನ್ ಸೋರಿಸಲು ಹೆನ್ರಿ ವಿಲಿಯಮ್ಸ್. ಗಿಬ್ಸ್ 74 ಹೊಡೆದರು, ವಿಲಿಯಮ್ಸ್ ತಮ್ಮ ಎರಡನೇ ಓವರಿನಲ್ಲೇ ಗಾಯಗೊಂಡು ಹೊರನಡೆದರು. ಆದರೂ ಒಪ್ಪಿದ್ದಕ್ಕಾಗಿ ಇಬ್ಬರಿಗೂ ಆರು ತಿಂಗಳ ನಿಷೇಧ. ನಾಯಕನಿಗೆ ಎದುರಾಡಿ ಜಾಗ ಉಳಿಸಿಕೊಳ್ಳುವ ಸ್ಥಿತಿ ಇಬ್ಬರಿಗೂ ಇರಲಿಲ್ಲ. ಲಾರ್ಡ್ಸ್‌ನಲ್ಲಿ ಅಮೀರ್‌ಗೆ ಬಟ್ ನಾಯಕ, ಆಸಿಫ್ ಹಿರಿಯ. ಅಲ್ಲಿಯೂ ಕಥೆ ಇದೇ.

ಅಮೀರ್ 2016ರಲ್ಲಿ ಮರಳಿ ಬಂದು, ಮರುವರ್ಷ ಓವಲ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ರೋಹಿತ್, ಕೊಹ್ಲಿ, ಧವನ್ ಮೂವರನ್ನೂ ಕೆಡವಿದ್ದು ನಮ್ಮವರಿಗೆ ಮರೆಯುವಂಥದ್ದಲ್ಲ. ಎರಡನೇ ಅವಕಾಶ ಕೊಟ್ಟದ್ದು ಸರಿಯಾಯಿತಲ್ಲ ಎಂದು ಕೇಳುವವರಿದ್ದಾರೆ. ಸರಿಯೇ ಆಯಿತು. ಅಮೀರ್ ತಪ್ಪೊಪ್ಪಿಕೊಂಡು, ಜೈಲು ಕಂಡು, ಐದು ವರ್ಷದ ನಿಷೇಧ ಅನುಭವಿಸಿ ಬಂದವರು; ಅವರ ಲೆಕ್ಕ ಎಲ್ಲರೆದುರು ಚುಕ್ತಾ ಆಗಿತ್ತು. 1995ರ ಗುಟ್ಟಿನ ದಂಡವನ್ನಾಗಲಿ, ಆಸಿಫ್‌ಗೆ ಮತ್ತೆ ಮತ್ತೆ ತೆರೆದ ಬಾಗಿಲನ್ನಾಗಲಿ ಕ್ಷಮೆ ಎಂದು ಕರೆಯಲಾಗದು. ಎಲ್ಲವನ್ನೂ ಪೊಲೀಸರು, ಕೋರ್ಟು ನೋಡಿಕೊಳ್ಳಲಿ, ತಂಡ ಆಟವನ್ನಷ್ಟೇ ನೋಡಲಿ ಎಂಬ ಇನ್ನೊಂದು ವಾದಕ್ಕೆ ಕರ್ನಾಟಕದಲ್ಲೇ ಉತ್ತರವಿದೆ. 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಆರೋಪದ ಮೇಲೆ ಆಟಗಾರರನ್ನೂ ತಂಡದ ಮಾಲೀಕರೊಬ್ಬರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅವರಲ್ಲಿ ಅರ್ಜಿ ಹಾಕಿದ್ದವರ ಮೇಲಿನ ಪ್ರಕರಣ ರದ್ದುಮಾಡಿತು. ಆರೋಪ ನಿಜವೋ ಸುಳ್ಳೋ ಎಂಬುದು ಅಲ್ಲಿ ತೀರ್ಮಾನವಾಗಲಿಲ್ಲ. ಪಂದ್ಯ ಫಿಕ್ಸ್ ಮಾಡುವುದು ಆಗಿನ ಭಾರತೀಯ ದಂಡ ಸಂಹಿತೆಯ 420ನೇ ಸೆಕ್ಷನ್‌ನ ವಂಚನೆಯ ವ್ಯಾಖ್ಯೆಗೆ ಬರುವುದಿಲ್ಲವೆಂದಿತು ಕೋರ್ಟು. ಅದು ಆಟಗಾರನ ಅಪ್ರಾಮಾಣಿಕತೆ, ಅಶಿಸ್ತುಗಳನ್ನು ತೋರಿಸಬಹುದು, ಅದಕ್ಕೆ ಬೈಲಾದ ಪ್ರಕಾರ ಕ್ರಮ ಕೈಗೊಳ್ಳುವ ಅಧಿಕಾರ ಬಿಸಿಸಿಐಗೆ ಇದೆ ಎಂದು ಚೆಂಡನ್ನು ಮಂಡಳಿಯ ಅಂಗಳಕ್ಕೇ ತಿರುಗಿಸಿತು.