ಒಂದೇ ತಗಡು, ಹಲವು ಬಣ್ಣ

ಅಚ್ಚು ಎಂದೊಡನೆ ನಮಗೆ ನೆನಪಾಗುವುದು ಪಠ್ಯಪುಸ್ತಕ, ಲಗ್ನಪತ್ರಿಕೆ, ಗೋಡೆಯ ಕ್ಯಾಲೆಂಡರ್. ಆದರೆ ಕಲಾವಿದರೇ ಲೋಹದ ತಗಡನ್ನು ಕೊರೆದು, ಶಾಯಿ ಹಚ್ಚಿ, ಒಂದೊಂದಾಗಿ ಅಚ್ಚೊತ್ತುವ ಚಿತ್ರಗಳೂ ಇವೆ. ಅಂಥ ಒಂದು ಚಿತ್ರದ ಚರಿತ್ರೆಯನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಹಂಚಿಕೊಳ್ಳಬಯಸುತ್ತೇನೆ. ಚಿತ್ರದ ಹೆಸರು 'ಪ್ಯಾಸ್ಟೊರಾಲ್'. ದನಕರು ಮೇಯುವ ಹಳ್ಳಿಗಾಡಿನ ನೋಟ ಎಂದು ಅದರ ಭಾವ. 1958ರಲ್ಲಿ ಅದನ್ನು ರಚಿಸಿದವರು ಕೃಷ್ಣಾ ರೆಡ್ಡಿ.

ಅವರು ಹುಟ್ಟಿದ್ದು 1925ರಲ್ಲಿ, ಚಿತ್ತೂರು ಬಳಿಯ ನಂದನೂರು ಎಂಬ ಹಳ್ಳಿಯಲ್ಲಿ. ಚಿತ್ತೂರು ಸೀಮೆ ನಮ್ಮ ಕೋಲಾರ ಜಿಲ್ಲೆಯ ನೆರೆಯದೇ. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್ ಅವರ ಶಿಷ್ಯರಾಗಿ ಕಲಿತ ರೆಡ್ಡಿಯವರು ಮುಂದೆ ಲಂಡನ್ನಿಗೆ, ಅಲ್ಲಿಂದ ಪ್ಯಾರಿಸ್ಸಿಗೆ ಹೋದರು. ಪ್ಯಾರಿಸ್ಸಿನಲ್ಲಿ ಸ್ಟ್ಯಾನ್ಲಿ ವಿಲಿಯಂ ಹೇಟರ್ 1927ರಲ್ಲಿ ಆರಂಭಿಸಿದ್ದ ಮುದ್ರಣ ಕಾರ್ಯಾಗಾರವಿತ್ತು; ಅದೇ ಮುಂದೆ 'ಅಟೆಲಿಯೆ 17' ಎಂದು ಪ್ರಸಿದ್ಧವಾಯಿತು. ಹೇಟರ್ ಕೂಡ ರಸಾಯನಶಾಸ್ತ್ರ ಓದಿ, ತೈಲ ಕಂಪನಿಯಲ್ಲಿ ದುಡಿದು, ಆಮೇಲೆ ಕಲೆಗೆ ಬಂದವರು.

ಎಚ್ಚಿಂಗ್ ಎಂಬುದು ಹಳೆಯ ವಿಧಾನ. ತಾಮ್ರ ಅಥವಾ ಸತುವಿನ ತಗಡಿಗೆ ಮೇಣದಂಥ ಲೇಪ ಬಳಿದು, ಅದರ ಮೇಲೆ ಸೂಜಿಯಿಂದ ಚಿತ್ರ ಗೀಚುತ್ತಾರೆ. ತಗಡನ್ನು ಆಮ್ಲದಲ್ಲಿ ಇಟ್ಟಾಗ ಗೀಚಿದ ಕಡೆ ಮಾತ್ರ ಲೋಹ ಕರಗಿ ತೋಡಾಗುತ್ತದೆ. ಆ ತೋಡುಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಿದರೆ ಚಿತ್ರ ಮೂಡುತ್ತದೆ. ಕಷ್ಟವಿದ್ದದ್ದು ಬಣ್ಣದ್ದು. ಸಾಮಾನ್ಯವಾಗಿ ಬಣ್ಣಕ್ಕೊಂದು ತಗಡು ಬೇಕು. ಪ್ರತಿ ಸಲವೂ ಕಾಗದ ಕೂದಲೆಳೆಯಷ್ಟೂ ಸರಿಯದಂತೆ ಕೂಡಿಸಬೇಕು.

1950ರ ದಶಕದಲ್ಲಿ ರೆಡ್ಡಿಯವರು ಹೇಟರ್ ಮತ್ತು ಮುಂಬಯಿಯ ಕೈಕೋ ಮೋತಿ ಅವರೊಡನೆ ದುಡಿದು ಇದಕ್ಕೊಂದು ದಾರಿ ಕಂಡುಕೊಂಡರು. ಎಣ್ಣೆಗೂ ನೀರಿಗೂ ಆಗದು ಎಂಬುದು ಎಲ್ಲರಿಗೂ ಗೊತ್ತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದ ಕಲ್ಲಚ್ಚಿನ ಮುದ್ರಣ ನಿಂತಿದ್ದು ಆ ಗುಣದ ಮೇಲೆಯೇ. ಇವರು ಕಂಡದ್ದು ಇನ್ನೂ ಸೋಜಿಗದ ಸಂಗತಿ: ಎಣ್ಣೆಶಾಯಿಯೇ ಎಣ್ಣೆಶಾಯಿಯನ್ನು ದೂರವಿಡಬಲ್ಲದು. ಅಗಸೆ ಎಣ್ಣೆ ಹೆಚ್ಚು ಬೆರೆಸಿದ ತೆಳು ಶಾಯಿ ಮೊದಲು ಬಿದ್ದ ಜಾಗಕ್ಕೆ ಗಟ್ಟಿ ಶಾಯಿ ಅಂಟುವುದಿಲ್ಲ. ವಿಜ್ಞಾನದ ಪಾಠದಲ್ಲಿ ಬರುವ ಸ್ನಿಗ್ಧತೆ ಎಂಬ ಗುಣದ ಆಟವಿದು.

ಶಿಲ್ಪಿಯೂ ಆಗಿದ್ದ ರೆಡ್ಡಿಯವರು ತಗಡನ್ನು ಮೆಟ್ಟಿಲು ಗದ್ದೆಯಂತೆ ಏರುತಗ್ಗುಗಳಾಗಿ ಕೊರೆದರು. ಗಟ್ಟಿ ರೋಲರಿನಿಂದ ಹಚ್ಚಿದ ತೆಳು ಶಾಯಿ ಮೇಲಿನ ಮಟ್ಟದಲ್ಲೇ ನಿಲ್ಲುತ್ತದೆ. ಅನಂತರ ಉರುಳಿಸುವ ಮೆತ್ತನೆಯ ರೋಲರ್ ತಗ್ಗಿಗೂ ಇಳಿದು ಅಲ್ಲಿಗೆ ಗಟ್ಟಿ ಶಾಯಿ ಮುಟ್ಟಿಸುತ್ತದೆ. ಒಂದೇ ತಗಡು, ಒಂದೇ ಒತ್ತು. ಬಣ್ಣಗಳೆಲ್ಲ ಒಟ್ಟಿಗೆ ಮೂಡುತ್ತವೆ. 'ಪ್ಯಾಸ್ಟೊರಾಲ್' ಮೂಡಿದ್ದು ಈ ದಾರಿಯಲ್ಲಿ. ಇದು ಮನೆ, ಮರ, ದನಗಳನ್ನು ಇದ್ದಂತೆ ಬಿಡಿಸಿದ ಚಿತ್ರವಲ್ಲ. ಗೆರೆ ಮತ್ತು ಬಣ್ಣಗಳ ಹೆಣಿಗೆಯೇ ಇಲ್ಲಿ ಹಳ್ಳಿಗಾಡು.

ರೆಡ್ಡಿಯವರಿಗೆ 1972ರಲ್ಲಿ ಪದ್ಮಶ್ರೀ ಸಂದಿತು. ಮುಂದೆ ನ್ಯೂಯಾರ್ಕಿನಲ್ಲಿ ನೆಲೆಸಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಬಹಳ ಕಾಲ ಮುದ್ರಣಕಲೆ ಕಲಿಸಿ, 2018ರಲ್ಲಿ ತೀರಿಕೊಂಡರು.

ಎಂಜಿನಿಯರಿಂಗ್ ಓದಿದ ನನಗೆ ಈ ಚರಿತ್ರೆಯಲ್ಲಿ ಮುಖ್ಯವೆನಿಸುವುದು ಒಂದು ವಿಷಯ. ಆಮ್ಲ, ಲೋಹ, ಎಣ್ಣೆ, ಒತ್ತಡ ಇವೆಲ್ಲವೂ ವಿಜ್ಞಾನದ ಪುಸ್ತಕದವು. ಗೆರೆ, ಬಣ್ಣ ಡ್ರಾಯಿಂಗ್ ಪುಸ್ತಕದವು. ನಾವು ಅವನ್ನು ಬೇರೆ ಬೇರೆ ಪೀರಿಯಡ್ಡಿಗೆ ಹಂಚಿದ್ದೇವೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಮೊದಲು ಹೋಗುವುದು ಡ್ರಾಯಿಂಗ್ ಪೀರಿಯಡ್ಡೇ. ಶಾಂತಿನಿಕೇತನದಲ್ಲಿ ಚಿತ್ರ ಕಲಿತವರು ಶಾಯಿಯ ಸ್ನಿಗ್ಧತೆಯನ್ನು ಅಳೆದು ನೋಡಿದ್ದರಿಂದಲೇ ಈ ಬಣ್ಣಗಳು ಸಾಧ್ಯವಾದವು.

ಬೆಂಡೆಕಾಯಿ ಕೊಯ್ದು, ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತುವುದೂ ಅಚ್ಚಿನ ಕಲೆಯೇ. ಅದಕ್ಕೆ ದುಬಾರಿ ಯಂತ್ರ ಬೇಡ. ನಮ್ಮ ಶಾಲೆಯ ಚಿತ್ರಕಲೆಯ ಮತ್ತು ವಿಜ್ಞಾನದ ಶಿಕ್ಷಕರು ವರ್ಷಕ್ಕೊಂದು ದಿನ ಜೊತೆಯಾಗಿ ಮಕ್ಕಳಿಂದ ಇಂಥ ಅಚ್ಚುಗಳನ್ನು ತೆಗೆಸಲಿ, ಡ್ರಾಯಿಂಗ್ ಪೀರಿಯಡ್ ಪರೀಕ್ಷೆಯ ತಿಂಗಳಲ್ಲೂ ಉಳಿಯಲಿ ಎಂಬುದು ಹಳೆಯ ವಿದ್ಯಾರ್ಥಿಯಾಗಿ ನನ್ನ ಕೋರಿಕೆ.